ವಚನ ಸಂಶೋಧನೆಯಲ್ಲಿ ವಿಧಾನದ ಆಯ್ಕೆ: ಕೆಲವು ವಿಚಾರಗಳು

ಕಳೆದ ಶ್ರಾವಣದಲ್ಲಿ ನಮ್ಮೂರ ಮಠದ ಪುರಾಣಪ್ರವಚನ ಮಂಗಲವಾದ ಮರುದಿನ ಸಂಶೋಧನ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಕೈಯಲ್ಲಿ ತನ್ನ ಮಹಾಪ್ರಬಂಧದ ರೂಪುರೇಷೆಯಿತ್ತು. ‘ಅಕ್ಕಮಹಾದೇವಿಯ ವಚನಗಳು: ಒಂದು ಸಮಗ್ರ ಅಧ್ಯಯನ’ ಎಂಬುದು ಶೀರ್ಷಿಕೆ. ಹತ್ತು ಪುಟದ ಆ ಬರೆಹದಲ್ಲಿ ‘ಅಧ್ಯಯನ ವಿಧಾನ’ವೆಂಬ ಉಪಶೀರ್ಷಿಕೆಯ ಕೆಳಗೆ ಒಂದೇ ಒಂದು ವಾಕ್ಯ. ಐತಿಹಾಸಿಕ, ವಿವರಣಾತ್ಮಕ, ವಿಶ್ಲೇಷಣಾತ್ಮಕ, ತೌಲನಿಕ, ಸಮಾಜಶಾಸ್ತ್ರೀಯ, ಮನೋವೈಜ್ಞಾನಿಕ ಹಾಗೂ ಸ್ತ್ರೀವಾದಿ ವಿಧಾನಗಳನ್ನು ಅನುಸರಿಸಲಾಗುವುದು. ಅಗತ್ಯವೆನಿಸಿದಲ್ಲಿ ಪ್ರಶ್ನಾವಳಿಯನ್ನೂ ಬಳಸಲಾಗುವುದು.

‘ಪ್ರಶ್ನಾವಳಿಯನ್ನು ಯಾರ ಕೈಗೆ ಕೊಡುತ್ತೀ ತಂಗಿ, ಅಕ್ಕನ ಕೈಗೋ?’ ಎಂದು ಕೇಳಿದೆ. ಅವಳಿಗೆ ನಗು ಬಂತು. ‘ಇಲ್ಲ ಸರ್, ಎಲ್ಲರ ರೂಪುರೇಷೆಯಲ್ಲೂ ಹಾಗೇ ಇರುತ್ತದೆ. ಬರೆಯದಿದ್ದರೆ ಸಮಿತಿಯವರು ಕೇಳುತ್ತಾರೆ’ ಎಂದಳು.

ಈ ಉತ್ತರದಲ್ಲಿ ಅವಳ ತಪ್ಪೇನೂ ಇಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ನಿಯಮಾವಳಿ ಬಂದಂದಿನಿಂದ ಸಂಶೋಧನಾರ್ಥಿಗಳೆಲ್ಲರೂ ಮೊದಲು ಸಂಶೋಧನ ವಿಧಾನದ ಪಾಠವನ್ನು ಕೇಳಿ ಪರೀಕ್ಷೆ ಬರೆಯುವುದು ಕಡ್ಡಾಯವಾಗಿದೆ. 2022ರ ನಿಯಮಾವಳಿಯೂ ಅದನ್ನು ಉಳಿಸಿಕೊಂಡಿದೆ. ಉದ್ದೇಶ ಒಳ್ಳೆಯದೇ. ಆದರೆ ಕನ್ನಡ ವಿಭಾಗಗಳಲ್ಲಿ ಈ ಪಾಠಕ್ಕೆ ಬಳಸುವ ಪುಸ್ತಕಗಳಲ್ಲಿ ಬಹುಪಾಲು ಸಮಾಜವಿಜ್ಞಾನ, ಶಿಕ್ಷಣಶಾಸ್ತ್ರಗಳ ಕೈಪಿಡಿಗಳ ಅನುಕರಣಗಳು. ಪ್ರಾಕ್ಕಲ್ಪನೆ, ಮಾದರಿ ಆಯ್ಕೆ, ದತ್ತಾಂಶ ಸಂಗ್ರಹ ಮೊದಲಾದ ಪಾರಿಭಾಷಿಕಗಳನ್ನು ವಿದ್ಯಾರ್ಥಿ ಬಾಯಿಪಾಠ ಮಾಡುತ್ತಾನೆ. ತಾಳೆಯೋಲೆಯ ಒಂದು ಗರಿಯನ್ನು ಓದುವುದು ಹೇಗೆ, ಒಂದು ವಚನ ಎರಡು ಕಟ್ಟುಗಳಲ್ಲಿ ಎರಡು ರೂಪಗಳಲ್ಲಿ ದೊರೆತಾಗ ಏನು ಮಾಡಬೇಕು ಎಂಬುದು ಅವನಿಗೆ ತಿಳಿಯದು. ಪರಿಣಾಮವಾಗಿ ‘ವಿಧಾನ’ವೆಂಬುದು ಪ್ರಬಂಧದ ಮೊದಲ ಅಧ್ಯಾಯದಲ್ಲಿ ಒಮ್ಮೆ ಕಾಣಿಸಿಕೊಂಡು ಮತ್ತೆಲ್ಲಿಯೂ ಮುಖ ತೋರದ ಅತಿಥಿಯಾಗಿದೆ.

ವಿಧಾನವನ್ನು ಅಂಗಡಿಯಿಂದ ತರುವ ಸಾಮಾನೆಂದು ಭಾವಿಸುವುದೇ ಈ ತೊಡಕಿನ ಮೂಲ. ‘ನನ್ನ ವಿಷಯ ಅಕ್ಕಮಹಾದೇವಿ, ಯಾವ ವಿಧಾನ ಆರಿಸಿಕೊಳ್ಳಲಿ?’ ಎಂದು ಕೇಳಿದರೆ ಅದಕ್ಕೆ ಉತ್ತರವಿಲ್ಲ. ಏಕೆಂದರೆ ಅಕ್ಕಮಹಾದೇವಿ ಒಂದು ವಿಷಯವೇ ಹೊರತು ಪ್ರಶ್ನೆಯಲ್ಲ. ಪ್ರಶ್ನೆಯೊಂದು ಹುಟ್ಟಿದ ಮೇಲೆ, ಅದಕ್ಕೆ ಉತ್ತರ ಹೇಳಬಲ್ಲ ಆಧಾರಗಳು ಯಾವುವು, ಆ ಆಧಾರಗಳು ಯಾವ ಕಾಲದವು, ಯಾರ ಕೈಯಿಂದ ಬಂದವು, ಯಾವ ಉದ್ದೇಶಕ್ಕಾಗಿ ಹುಟ್ಟಿದವು ಎಂದು ನೋಡುತ್ತ ಹೋದಂತೆ ವಿಧಾನ ತಾನಾಗಿ ರೂಪುಗೊಳ್ಳುತ್ತದೆ. ಮಾತು ಬರಿಯ ತತ್ತ್ವವಾಗಬಾರದು. ನಮ್ಮ ಕ್ಷೇತ್ರದಲ್ಲಿಯೇ ನಡೆದ ಒಂದು ಪ್ರಸಂಗವನ್ನು ಕೊಂಚ ವಿಸ್ತಾರವಾಗಿ ನೋಡೋಣ.

ಜೆ. ಎಫ್. ಫ್ಲೀಟ್ ಮುಂಬಯಿ ಪ್ರಾಂತದ ಆಡಳಿತದಲ್ಲಿದ್ದ ಆಂಗ್ಲ ವಿದ್ವಾಂಸ. ಕನ್ನಡ ನಾಡಿನ ರಾಜವಂಶಗಳ ಇತಿಹಾಸಕ್ಕೆ ಶಾಸನಗಳ ಭದ್ರವಾದ ತಳಹದಿ ಹಾಕಿದವರಲ್ಲಿ ಅವನು ಅಗ್ರಗಣ್ಯ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವನು ಇಂದಿನ ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನಗಳನ್ನು ‘ಎಪಿಗ್ರಾಫಿಯಾ ಇಂಡಿಕಾ’ದ ಐದನೆಯ ಸಂಪುಟದಲ್ಲಿ ಪ್ರಕಟಿಸಿದ. ಸುಮಾರು 1200ರ ಆ ದೀರ್ಘ ಶಾಸನ ಏಕಾಂತದ ರಾಮಯ್ಯನ ಚರಿತ್ರೆಯನ್ನು ಹೇಳುತ್ತದೆ. ಜೈನರೊಡನೆ ಅವನು ಮಾಡಿದ ವಾದ, ಶಿರವನ್ನರಿದು ಶಿವನಿಗೆ ಅರ್ಪಿಸಿ ಮತ್ತೆ ಪಡೆದುದು, ಬಿಜ್ಜಳನಿಂದ ಜಯಪತ್ರ ದೊರೆತುದು ಎಲ್ಲವೂ ಅದರಲ್ಲಿವೆ. ಬಿಜ್ಜಳನ ಹೆಸರುಂಟು, ಬಸವಣ್ಣನ ಹೆಸರಿಲ್ಲ. ಫ್ಲೀಟನಿಗೆ ಇದು ದೊಡ್ಡ ಸಂಗತಿಯಾಗಿ ಕಂಡಿತು. ಬಸವಣ್ಣನ ವಿಷಯ ತಿಳಿಯುವುದು ಪುರಾಣಗಳಿಂದ. ಪುರಾಣಗಳು ಬಹಳ ಈಚಿನವು ಮತ್ತು ಪವಾಡಗಳಿಂದ ತುಂಬಿದವು. ಶಾಸನ ಸಮಕಾಲೀನಕ್ಕೆ ಹತ್ತಿರದ್ದು, ಅದರಲ್ಲಿರುವುದು ರಾಮಯ್ಯ. ಆದ್ದರಿಂದ ಆ ಶೈವ ಚಳವಳಿಯ ನಿಜವಾದ ನಾಯಕ ಏಕಾಂತದ ರಾಮಯ್ಯನೇ ಇರಬೇಕು ಎಂಬತ್ತ ಅವನ ವಾದ ಹರಿಯಿತು.

ಇದನ್ನು ಕೇಳಿ ಅಂದಿನ ನಮ್ಮ ಹಿರಿಯರು ನೊಂದುಕೊಂಡರು, ಸಿಟ್ಟಾದರು. ಸಿಟ್ಟು ಸಹಜ. ಆದರೆ ಸಿಟ್ಟು ಉತ್ತರವಲ್ಲ. ಫ್ಲೀಟನ ಪ್ರಾಮಾಣಿಕತೆಯಲ್ಲಿ ಲೋಪವಿರಲಿಲ್ಲ, ಅವನ ಶಾಸನವಾಚನದಲ್ಲಿಯೂ ಇರಲಿಲ್ಲ. ಲೋಪವಿದ್ದುದು ವಿಧಾನದಲ್ಲಿ, ಅದೂ ಮೂರು ಕಡೆ.

ಮೊದಲನೆಯದಾಗಿ, ಶಾಸನದ ಮೌನವನ್ನು ಅವನು ಸಾಕ್ಷ್ಯವೆಂದು ಬಗೆದ. ಶಾಸನ ಹುಟ್ಟುವುದು ದಾನಕ್ಕಾಗಿ. ಭೂಮಿ, ಸುಂಕ, ದೇವಾಲಯ, ಅದರ ಸ್ಥಾನಾಚಾರ್ಯ ಇವು ಅದರ ಪ್ರಪಂಚ. ದೇವಾಲಯವನ್ನು ಕಟ್ಟಿಸಿದವನ ಕೀರ್ತಿಯನ್ನು ಹೇಳುವ ಅಬ್ಬಲೂರಿನ ಶಾಸನದಲ್ಲಿ ರಾಮಯ್ಯ ಬರುವುದು ಸಹಜ. ದೇಹವನ್ನೇ ದೇಗುಲವೆಂದು ಬಗೆದು, ಸ್ಥಾವರಕ್ಕಿಂತ ಜಂಗಮಕ್ಕೆ ಹಿರಿತನ ಕೊಟ್ಟ ಶರಣರ ಹೆಸರು ದೇವಾಲಯದ ದಾನಶಾಸನದಲ್ಲಿ ಇರದಿದ್ದರೆ ಅದರಲ್ಲಿ ಆಶ್ಚರ್ಯಪಡುವಂತಹುದೇನಿದೆ? ಒಂದು ಆಧಾರ ಮಾತನಾಡಬಹುದಾದ ಸಂದರ್ಭದಲ್ಲಿ ಮಾತನಾಡದಿದ್ದರೆ ಮಾತ್ರ ಅದರ ಮೌನಕ್ಕೆ ಬೆಲೆ.

ಎರಡನೆಯದಾಗಿ, ಪವಾಡವಿದೆಯೆಂದು ಪುರಾಣವನ್ನು ಬದಿಗೆ ಸರಿಸಿದವನು ಶಿರವನ್ನು ಕಡಿದು ಮತ್ತೆ ಪಡೆದ ಪವಾಡವುಳ್ಳ ಶಾಸನವನ್ನು ಆದರಿಸಿದ. ಕಲ್ಲಿನ ಮೇಲೆ ಕೆತ್ತಿದ ಮಾತ್ರಕ್ಕೆ ಪವಾಡ ಇತಿಹಾಸವಾಗುವುದಿಲ್ಲ. ಓಲೆಯ ಮೇಲೆ ಬರೆದ ಮಾತ್ರಕ್ಕೆ ಇತಿಹಾಸ ಕಟ್ಟುಕಥೆಯಾಗುವುದಿಲ್ಲ. ಇಲ್ಲಿ ಅವನು ಪರೀಕ್ಷಿಸಿದ್ದು ಬರೆಹದ ವಸ್ತುವನ್ನು. ಮಾತಿನ ಪರೀಕ್ಷೆ ಹಿಂದೆ ಬಿತ್ತು.

ಮೂರನೆಯ ಲೋಪ ಅವನ ಕಾಲದ ಮಿತಿ. ವಚನಗಳ ಕಟ್ಟುಗಳು ಆಗಿನ್ನೂ ಮಠಗಳ, ಭಕ್ತರ ಮನೆಗಳ ಗಂಟುಗಳಲ್ಲಿಯೇ ಇದ್ದವು. ವಿಜಯಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಅವನ್ನು ಸಂಗ್ರಹಿಸಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚು ಮಾಡಿಸಿದ್ದು 1923ರಲ್ಲಿ. ಬಸವಣ್ಣನ ಸ್ವಂತ ಮಾತೇ ಕಣ್ಣ ಮುಂದೆ ಇಲ್ಲದವನಿಗೆ ಪುರಾಣವೊಂದೇ ಸಾಹಿತ್ಯಿಕ ಆಧಾರವಾಗಿ ಕಂಡುದು ಅಸ್ವಾಭಾವಿಕವೇನಲ್ಲ. ಇದನ್ನು ತಪ್ಪೆನ್ನುವುದಕ್ಕಿಂತ ಎಚ್ಚರಿಕೆಯ ಪಾಠವೆನ್ನುವುದು ನ್ಯಾಯ. ಇಂದು ನಮ್ಮ ಕೈಯಲ್ಲಿರುವುದೇ ಸರ್ವಸ್ವವೆಂದು ತೀರ್ಪು ಕೊಡುವವರೆಲ್ಲರಿಗೂ ಈ ಮಾತು ಸಲ್ಲುತ್ತದೆ.

ಮುಂದೆ ಬೆಳಗಾವಿ ಜಿಲ್ಲೆಯ ಅರ್ಜುನವಾಡದಲ್ಲಿ ಸೇವುಣ ಕನ್ನರನ ಕಾಲದ, 1260ರ ಶಾಸನ ಬೆಳಕಿಗೆ ಬಂತು. ಸಂಗನ ಬಸವನ ಹೆಸರು ಅದರಲ್ಲಿದೆ. ‘ಶಾಸನದಲ್ಲಿ ಬಸವಣ್ಣನಿಲ್ಲ’ವೆಂಬ ಮಾತಿಗೆ ತೆರೆ ಬಿತ್ತೆಂದು ನಮ್ಮವರು ಸಂತೋಷಪಟ್ಟರು. ಆದರೆ ಇಲ್ಲಿಯೂ ಒಂದು ಮಾತನ್ನು ಹೇಳಬೇಕು. ಬಸವಣ್ಣನ ಕಾಲಕ್ಕೂ ಈ ಶಾಸನಕ್ಕೂ ಸುಮಾರು ನೂರು ವರ್ಷಗಳ ಅಂತರವಿದೆ. ಅದು ಹೇಳುವ ವಂಶದ ವಿವರಗಳನ್ನು ಕುರಿತು ವಿದ್ವಾಂಸರಲ್ಲಿ ದೀರ್ಘ ಚರ್ಚೆ ನಡೆದಿದೆ. ಫ್ಲೀಟನ ಕೈಯಲ್ಲಿ ಅಬ್ಬಲೂರಿನ ಶಾಸನಕ್ಕೆ ಅತಿಯಾದ ಭಾರ ಬಿದ್ದುದು ತಪ್ಪಾದರೆ, ನಮ್ಮ ಕೈಯಲ್ಲಿ ಅರ್ಜುನವಾಡದ ಶಾಸನಕ್ಕೆ ಅಷ್ಟೇ ಭಾರ ಬಿದ್ದರೆ ಅದೂ ತಪ್ಪೇ. ತನಗೆ ಪ್ರಿಯವಾದ ನಿರ್ಣಯಕ್ಕೆ ಒಂದು ಅಳತೆ, ಅಪ್ರಿಯವಾದುದಕ್ಕೆ ಇನ್ನೊಂದು ಅಳತೆ ಇಟ್ಟುಕೊಂಡವನು ಸಂಶೋಧಕನಲ್ಲ, ವಕೀಲ. (ಹಳಕಟ್ಟಿಯವರು ವೃತ್ತಿಯಿಂದ ವಕೀಲರಾಗಿಯೂ ಸಂಶೋಧನೆಯಲ್ಲಿ ವಕೀಲಿ ಮಾಡಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು.)

ಇನ್ನು ವಿದ್ಯಾರ್ಥಿನಿಯ ವಿಷಯಕ್ಕೆ ಬರೋಣ. ಅಕ್ಕನ ಜೀವನಚರಿತ್ರೆಗೆ ಒಂದು ಅಧ್ಯಾಯವನ್ನು ಅವಳು ಮೀಸಲಿಟ್ಟಿದ್ದಳು. ಅಲ್ಲಿ ತಪ್ಪಿಸಿಕೊಳ್ಳಲಾಗದ ಒಂದು ಸಮಸ್ಯೆ ಇದೆ. ಹರಿಹರನ ರಗಳೆಯಲ್ಲಿ ಮಹಾದೇವಿ ಷರತ್ತುಗಳನ್ನು ವಿಧಿಸಿ ಕೌಶಿಕನನ್ನು ಮದುವೆಯಾಗುತ್ತಾಳೆ, ಷರತ್ತುಗಳು ಮುರಿದಾಗ ಹೊರಟುಬಿಡುತ್ತಾಳೆ. ಹದಿನೈದನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಮದುವೆಯೇ ನಡೆಯುವುದಿಲ್ಲ. ಮದುವೆಯಾಗಿತ್ತೋ ಇಲ್ಲವೋ ಎಂಬ ಈ ಪ್ರಶ್ನೆಯನ್ನು ಹಿಡಿದು ನಮ್ಮಲ್ಲಿ ನಡೆದ ವಾದಗಳಿಗೆ ಲೆಕ್ಕವಿಲ್ಲ. ಒಬ್ಬರು ಹರಿಹರ ಪ್ರಾಚೀನ, ಆದ್ದರಿಂದ ಅವನ ಮಾತೇ ನಿಜವೆಂದರೆ ಇನ್ನೊಬ್ಬರು ಅಕ್ಕನ ವೈರಾಗ್ಯಕ್ಕೆ ಒಪ್ಪುವುದು ಚಾಮರಸನ ಮಾತೆನ್ನುತ್ತಾರೆ. ಎರಡನೆಯ ವಾದ ಭಕ್ತಿಯದು, ಸಂಶೋಧನೆಯದಲ್ಲ. ಮೊದಲನೆಯದರಲ್ಲಿಯೂ ಅರ್ಧ ಬಲ ಮಾತ್ರ ಇದೆ. ಪ್ರಾಚೀನವಾದ ಆಕರ ಘಟನೆಗೆ ಹತ್ತಿರದ್ದು, ನಿಜ. ಆದರೆ ಹರಿಹರನೂ ಕಣ್ಣಿನಿಂದ ಕಂಡು ಬರೆದವನಲ್ಲ, ಭಕ್ತಕವಿ. ಅವನು ಕೇಳಿದ್ದನ್ನು ತನ್ನ ರಗಳೆಯ ಬೆಂಕಿಯಲ್ಲಿ ಕಾಯಿಸಿ ಎರೆದವನು.

‘ಹಾಗಾದರೆ ಏನು ಬರೆಯಲಿ ಸರ್?’ ಎಂದಳು. ಮದುವೆ ನಡೆಯಿತೇ ಎಂಬುದಕ್ಕೆ ನಮ್ಮಲ್ಲಿರುವ ಆಕರಗಳಿಂದ ಖಚಿತವಾದ ಉತ್ತರ ದೊರೆಯದು. ಆದರೆ ಕಥೆ ಏಕೆ ಬದಲಾಯಿತು ಎಂಬುದಕ್ಕೆ ಉತ್ತರ ಹುಡುಕಬಹುದು. ಹರಿಹರನಿಂದ ಚಾಮರಸನವರೆಗೆ ನಡುವೆ ಕಳೆದ ಕಾಲದಲ್ಲಿ ಶರಣಧರ್ಮದ ಸ್ವರೂಪದಲ್ಲಿ ಏನಾಯಿತು? ವಿಜಯನಗರದ ಪ್ರೌಢದೇವರಾಯನ ಆಳ್ವಿಕೆಯಲ್ಲಿ ವಿರಕ್ತ ಪರಂಪರೆ ಪ್ರಬಲವಾಯಿತು. ಚಾಮರಸ ಆ ಪರಿಸರದ ಕವಿ. ಗೃಹಸ್ಥ ಶರಣರ ಕಲ್ಯಾಣಕ್ಕೂ ವಿರಕ್ತರ ವಿಜಯನಗರಕ್ಕೂ ಇರುವ ಅಂತರ ಅಕ್ಕನ ಕಥೆಯ ಮೇಲೆ ಬಿದ್ದಿದೆಯೇ? ಇಲ್ಲಿ ಪ್ರತಿಯೊಂದು ಕೃತಿಯೂ ತನ್ನ ಕಾಲಕ್ಕೆ ತಾನೇ ಪ್ರಥಮ ಸಾಕ್ಷಿ. ಹನ್ನೆರಡನೆಯ ಶತಮಾನದ ವಿಷಯದಲ್ಲಿ ದುರ್ಬಲವಾದ ಚಾಮರಸ ಹದಿನೈದನೆಯ ಶತಮಾನದ ವಿಷಯದಲ್ಲಿ ಪ್ರಬಲನಾಗುತ್ತಾನೆ. ಪ್ರಶ್ನೆ ಬದಲಾದರೆ ಆಕರದ ಬೆಲೆಯೂ ಬದಲಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತೋಚದು.

ವಚನಗಳ ಪಾಠದ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದುದು. ಗ್ರಂಥಸಂಪಾದನೆಯ ಶಾಸ್ತ್ರ ಯುರೋಪಿನಲ್ಲಿ ಬೆಳೆದದ್ದು ಗ್ರೀಕ್, ಲ್ಯಾಟಿನ್ ಕೃತಿಗಳನ್ನೂ ಬೈಬಲ್ಲನ್ನೂ ಶುದ್ಧಗೊಳಿಸುವ ಶ್ರಮದಿಂದ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿದ್ವಾಂಸ ಲಾಖ್‌ಮನ್ನನ ಹೆಸರಿನಲ್ಲಿ ಪ್ರಸಿದ್ಧವಾದ ವಿಧಾನದಲ್ಲಿ ಎರಡು ಪ್ರತಿಗಳು ಒಂದೇ ತಪ್ಪನ್ನು ಹಂಚಿಕೊಂಡಿದ್ದರೆ ಅವೆರಡೂ ಒಂದೇ ಮಾತೃಕೆಯಿಂದ ಬಂದವೆಂದು ಊಹಿಸಿ ಪ್ರತಿಗಳ ವಂಶವೃಕ್ಷವನ್ನು ಕಟ್ಟುತ್ತಾರೆ. ಪುಣೆಯಲ್ಲಿ ಮಹಾಭಾರತದ ಪರಿಷ್ಕರಣಕ್ಕೆ ಇಳಿದ ಸುಕ್ಥಣಕರರು ಈ ತತ್ತ್ವವನ್ನು ಭಾರತದ ಸಾಮಗ್ರಿಗೆ ಹೊಂದಿಸಿಕೊಂಡರು. ನಮ್ಮಲ್ಲಿ ಡಿ. ಎಲ್. ನರಸಿಂಹಾಚಾರ್ಯರು ಗ್ರಂಥಸಂಪಾದನೆಯನ್ನು ಶಾಸ್ತ್ರೀಯವಾಗಿ ನಿರೂಪಿಸಿದರು. ಪಂಪಭಾರತದಂತಹ ಕೃತಿಗೆ ಈ ವಿಧಾನ ಒಪ್ಪುತ್ತದೆ. ಅಲ್ಲಿ ಒಬ್ಬ ಕವಿ, ಒಂದು ಕೃತಿ, ಆದಿ ಅಂತ್ಯಗಳು ಗೊತ್ತಿರುವ ಪದ್ಯಗಳು, ತಪ್ಪನ್ನು ತೋರಿಸಿಕೊಡುವ ಛಂದಸ್ಸು.

ವಚನಕ್ಕೆ ಇವುಗಳಲ್ಲಿ ಒಂದೂ ಇಲ್ಲ. ಛಂದಸ್ಸಿಲ್ಲದಿರುವುದರಿಂದ ಒಂದು ಮಾತು ಸೇರಿದರೂ ಬಿಟ್ಟುಹೋದರೂ ಅದನ್ನು ಹಿಡಿದು ತೋರುವ ಕಾವಲುಗಾರನಿಲ್ಲ. ಅದಕ್ಕಿಂತ ಮುಖ್ಯವಾಗಿ, ನಮಗೆ ದೊರೆತಿರುವ ಕಟ್ಟುಗಳು ಬಹುಮಟ್ಟಿಗೆ ಹದಿನೈದನೆಯ ಶತಮಾನದಿಂದ ಈಚಿನ ಸಂಕಲನಗಳು. ಷಟ್‌ಸ್ಥಲ, ಏಕೋತ್ತರಶತಸ್ಥಲ ಮೊದಲಾದ ಚೌಕಟ್ಟುಗಳಲ್ಲಿ ಸಂಕಲನಕಾರರು ತಮಗೆ ಬೇಕಾದ ಸ್ಥಲಕ್ಕೆ ಬೇಕಾದ ವಚನಗಳನ್ನು ಆರಿಸಿಕೊಂಡಿದ್ದಾರೆ. ಒಂದೊಂದು ಕಟ್ಟಿನಲ್ಲಿ ಆಯ್ಕೆ ಬೇರೆ, ಅನುಕ್ರಮ ಬೇರೆ. ‘ಶೂನ್ಯಸಂಪಾದನೆ’ಯ ಕರ್ತೃಗಳಂತೂ ಅವನ್ನು ಸಂವಾದವಾಗಿ ಜೋಡಿಸಿದರು. ಅದು ಒಂದು ಕೈಯ ಕೃತಿಯೂ ಅಲ್ಲ. ಶಿವಗಣಪ್ರಸಾದಿ ಮಹಾದೇವಯ್ಯನಿಂದ ಗೂಳೂರ ಸಿದ್ಧವೀರಣಾರ್ಯನವರೆಗೆ ಮರುಜೋಡಣೆ ನಡೆಯುತ್ತಲೇ ಬಂದಿದೆ. ಆದ್ದರಿಂದ ಒಂದು ಕಟ್ಟಿನ ವಂಶವೃಕ್ಷ ಅದರೊಳಗಿನ ಒಂದು ವಚನದ ವಂಶವೃಕ್ಷವಲ್ಲ. ಸಂಕಲನಕಾರ ಹತ್ತು ವಚನಗಳನ್ನು ಒಂದು ಮೂಲದಿಂದ, ಐದನ್ನು ಇನ್ನೊಂದರಿಂದ, ಎರಡನ್ನು ತನ್ನ ನೆನಪಿನಿಂದಲೇ ತೆಗೆದುಕೊಂಡಿರಬಹುದು. ವೃಕ್ಷವನ್ನು ಕಟ್ಟುವುದಾದರೆ ಪ್ರತಿಯೊಂದು ವಚನಕ್ಕೂ ಬೇರೆ ಬೇರೆಯಾಗಿ ಕಟ್ಟಬೇಕು. ಹಲವು ಕಡೆ ಕಟ್ಟಲಾಗುವುದೇ ಇಲ್ಲ.

ಶಿ. ಶಿ. ಬಸವನಾಳ, ಆರ್. ಸಿ. ಹಿರೇಮಠ, ಎಲ್. ಬಸವರಾಜು ಮೊದಲಾದವರ ಸಂಪಾದನೆಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದವರಿಗೆ ಈ ಕಷ್ಟ ಗೊತ್ತು. 1993ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರಕಾರ ಹದಿನೈದು ಸಂಪುಟಗಳ ಸಮಗ್ರ ವಚನ ಸಾಹಿತ್ಯವನ್ನು ಹೊರತಂದಿತು. ಅದರ ಉಪಕಾರ ಅಷ್ಟಿಷ್ಟಲ್ಲ. ಒಂದು ಕಾಲಕ್ಕೆ ಒಂದು ವಚನಕ್ಕಾಗಿ ಮೂರು ಊರು ತಿರುಗಿದ ನಮ್ಮಂತಹವರಿಗೆ ಅದು ವರವೇ ಸರಿ. ಆದರೆ ‘ಜನಪ್ರಿಯ ಆವೃತ್ತಿ’ ಎಂದು ಅದನ್ನು ಕರೆದುದರಲ್ಲಿಯೇ ಅದರ ಉದ್ದೇಶ ಸ್ಪಷ್ಟವಿದೆ. ಆ ಸಂಪುಟಗಳಲ್ಲಿ ಅಚ್ಚಾದ ರೂಪವೇ ಶರಣರ ಬಾಯಿಂದ ಹೊರಟ ರೂಪವೆಂದು ತಿಳಿದು, ಅದರ ಒಂದು ವಿಭಕ್ತಿಪ್ರತ್ಯಯದ ಮೇಲೆ ಇಪ್ಪತ್ತು ಪುಟಗಳ ಭಾಷಾವಿಶ್ಲೇಷಣೆಯನ್ನು ಕಟ್ಟಿದ ಪ್ರಬಂಧಗಳನ್ನು ನಾನು ಪರೀಕ್ಷಕನಾಗಿ ಓದಿದ್ದೇನೆ. ಅವು ವಿಶ್ಲೇಷಿಸಿದ್ದು ಹನ್ನೆರಡನೆಯ ಶತಮಾನದ ಭಾಷೆಯನ್ನಲ್ಲ. ಹದಿನಾರನೆಯ ಶತಮಾನದ ಲಿಪಿಕಾರನ ಭಾಷೆಯನ್ನು, ಕೆಲವು ಕಡೆ ಇಪ್ಪತ್ತನೆಯ ಶತಮಾನದ ಮುದ್ರಣದ ಭಾಷೆಯನ್ನು.

ಈಗ ಗಣಕಯಂತ್ರದ ನೆರವು ಬಂದಿದೆ. ಸಹಸ್ರಾರು ವಚನಗಳಲ್ಲಿ ಒಂದು ಪದ ಎಷ್ಟು ಸಲ ಬಂದಿದೆಯೆಂಬುದನ್ನು ಕ್ಷಣಾರ್ಧದಲ್ಲಿ ಕಾಣಬಹುದು. ತರುಣ ಸಂಶೋಧಕರಿಗೆ ಇದರಲ್ಲಿ ಬಹಳ ಉತ್ಸಾಹ. ಇಂಥವರು ಹೀಗೆ ಮಾತನಾಡುತ್ತಾರೆ, ಇಂಥ ಪದಗಳನ್ನು ಬಳಸುತ್ತಾರೆ ಎಂದು ಎಣಿಸಿ, ಸಂದಿಗ್ಧ ವಚನಗಳ ಕರ್ತೃತ್ವವನ್ನು ನಿರ್ಣಯಿಸಬಹುದೆಂಬ ಆಸೆ. ಇಲ್ಲೊಂದು ಸುಳಿಯಿದೆ. ‘ಚೆನ್ನಮಲ್ಲಿಕಾರ್ಜುನ’ ಅಂಕಿತವಿರುವ ವಚನಗಳನ್ನೆಲ್ಲ ಅಕ್ಕನವೆಂದು ಒಂದು ರಾಶಿಗೆ ಹಾಕಿ, ಆ ರಾಶಿಯಿಂದ ಅಕ್ಕನ ಶೈಲಿಯ ಲಕ್ಷಣಗಳನ್ನು ತೆಗೆದು, ಅದೇ ಲಕ್ಷಣಗಳಿಂದ ರಾಶಿಯೊಳಗಿನ ವಚನ ಅಕ್ಕನದೇ ಎಂದು ನಿರ್ಣಯಿಸಿದರೆ ಆದದ್ದೇನು? ಸಾಧಿಸಬೇಕಾದುದನ್ನು ಮೊದಲೇ ಸಿದ್ಧವೆಂದು ಇಟ್ಟುಕೊಂಡಂತಾಯಿತು. ತರ್ಕಶಾಸ್ತ್ರದಲ್ಲಿ ಇದಕ್ಕೆ ಅನ್ಯೋನ್ಯಾಶ್ರಯದೋಷವೆನ್ನುತ್ತಾರೆ. ಒಂದೇ ವಚನ ಒಂದು ಕಟ್ಟಿನಲ್ಲಿ ಒಂದು ಅಂಕಿತದಿಂದಲೂ ಇನ್ನೊಂದರಲ್ಲಿ ಬೇರೊಂದು ಅಂಕಿತದಿಂದಲೂ ದೊರೆಯುವ ನಿದರ್ಶನಗಳು ಇರುವಾಗ, ಅಂಕಿತ ಒಂದು ಸಾಕ್ಷ್ಯವೇ ಹೊರತು ತೀರ್ಪಲ್ಲ. ಎಣಿಕೆ ಮಾಡಬಾರದೆಂದಲ್ಲ. ಮೊದಲು ಹಲವು ಪರಂಪರೆಗಳ ಪ್ರಾಚೀನ ಕಟ್ಟುಗಳಲ್ಲಿ ಒಂದೇ ಅಂಕಿತದಿಂದ ದೊರೆಯುವ ವಚನಗಳನ್ನು ಬೇರ್ಪಡಿಸಿ ಅವುಗಳಿಂದ ಲಕ್ಷಣ ತೆಗೆದು, ಆಮೇಲೆ ಉಳಿದುವನ್ನು ತೂಗಬೇಕು. ಆ ಮೊದಲ ಕೆಲಸ ಯಂತ್ರದಿಂದ ಆಗದು. ಗರಿ ತಿರುಗಿಸುವ ಬೆರಳಿನಿಂದ ಆಗಬೇಕು.

ಎಣಿಕೆಯ ಇನ್ನೊಂದು ಅಪಾಯವನ್ನು 2013ರಲ್ಲಿ ಕನ್ನಡ ದಿನಪತ್ರಿಕೆಯಲ್ಲಿ ನಡೆದ ದೀರ್ಘ ಚರ್ಚೆ ತೋರಿಸಿತು. ವಚನಗಳು ಜಾತಿವಿರೋಧಿ ಚಳವಳಿಯ ಸಾಹಿತ್ಯವೇ ಎಂಬುದು ಅಲ್ಲಿಯ ವಿವಾದ. ಜಾತಿಯ ಪ್ರಸ್ತಾಪವಿರುವ ವಚನಗಳು ಒಟ್ಟು ರಾಶಿಯಲ್ಲಿ ಎಷ್ಟು ಕಡಿಮೆ ಎಂಬ ಅಂಕಿಸಂಖ್ಯೆಯ ವಾದವೂ ಅಂತಹ ಚರ್ಚೆಗಳಲ್ಲಿ ಬರುತ್ತದೆ. ರೂಢಿಯ ನಂಬಿಕೆಯನ್ನು ಪ್ರಶ್ನಿಸಿದ್ದಕ್ಕೆ ಅಂಥವರ ಮೇಲೆ ಹರಿಹಾಯುವುದು ನನಗೆ ಸರಿದೋರದು. ಪ್ರಶ್ನಿಸುವ ಹಕ್ಕು ಶರಣರೇ ಕೊಟ್ಟದ್ದು. ಆದರೆ ವಿಧಾನದ ದೃಷ್ಟಿಯಿಂದ ಎರಡು ಮಾತು. ಅವರು ಎಣಿಸುವ ರಾಶಿ ಹನ್ನೆರಡನೆಯ ಶತಮಾನದ್ದು ಮಾತ್ರವಲ್ಲ, ಹದಿನೈದು ಹದಿನಾರನೆಯ ಶತಮಾನಗಳ ಷಟ್‌ಸ್ಥಲ ನಿರೂಪಣೆಯ ವಚನಗಳೂ ಅದರಲ್ಲಿ ಸೇರಿವೆ. ಛೇದವನ್ನು ಹಿಗ್ಗಿಸಿದರೆ ಭಿನ್ನರಾಶಿ ಕುಗ್ಗುವುದು ಸಹಜ. ಇದಲ್ಲದೆ, ಪದ ಇಲ್ಲದ ಕಡೆ ವಿಚಾರವೂ ಇಲ್ಲವೆನ್ನುವುದಾದರೆ, ಮಾದಾರ ಚೆನ್ನಯ್ಯನ ಮನೆಯವನು ತಾನೆಂದು ಹೇಳಿಕೊಳ್ಳುವ ಭಾವವನ್ನು ಯಾವ ಕಲಮಿನಲ್ಲಿ ಬರೆಯಬೇಕು? ಪ್ರತಿಪಕ್ಷದವರೂ ವಿಧಾನದಲ್ಲಿ ನಿರ್ದೋಷಿಗಳಾಗಿರಲಿಲ್ಲ. ಎಲ್ಲರಿಗೂ ತಿಳಿದ ಹತ್ತು ಹನ್ನೆರಡು ವಚನಗಳನ್ನೇ ಮತ್ತೆ ಮತ್ತೆ ಉದ್ಧರಿಸಿ ಇಡೀ ಸಾಹಿತ್ಯದ ಹೆಸರಿನಲ್ಲಿ ಮಾತನಾಡುವುದು ಸಹ ಒಂದು ಬಗೆಯ ತಪ್ಪೆಣಿಕೆಯೇ.

ಸಿದ್ಧಾಂತಗಳ ‘ಅನ್ವಯ’ದ ಬಗ್ಗೆ ಹೆಚ್ಚು ಬರೆಯಲಾರೆ. ಮೊದಲ ಅಧ್ಯಾಯದಲ್ಲಿ ಪಾಶ್ಚಾತ್ಯ ಸಿದ್ಧಾಂತದ ಸಾರ, ಎರಡನೆಯದರಿಂದ ಅದಕ್ಕೆ ವಚನಗಳ ಉದಾಹರಣೆ. ಇಂತಹ ಪ್ರಬಂಧದ ಕೊನೆಯಲ್ಲಿ ವಚನದ ಬಗ್ಗೆಯೂ ಹೊಸದೇನೂ ತಿಳಿಯುವುದಿಲ್ಲ, ಸಿದ್ಧಾಂತವೂ ಇದ್ದಲ್ಲಿಯೇ ಇರುತ್ತದೆ.

ಒಳ್ಳೆಯ ಮಾದರಿಗಳು ನಮ್ಮಲ್ಲಿಯೇ ಇವೆ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಮೈಸೂರು ವಿಶ್ವವಿದ್ಯಾಲಯದಿಂದ 1966ರಲ್ಲಿ ಪ್ರಕಟವಾಯಿತು. ಅದೂ ಡಾಕ್ಟರೇಟ್ ಪ್ರಬಂಧವೇ. ಕ್ರಿ.ಶ. 450ರಿಂದ 1150ರವರೆಗೆ ಎಂದು ಕಾಲಕ್ಕೆ ಗಡಿ ಹಾಕಿದರು. ಶಾಸನಗಳೆಂದು ಆಕರಕ್ಕೆ ಗಡಿ ಹಾಕಿದರು. ರಾಜರ ವಂಶಾವಳಿಗಾಗಿ ಓದುತ್ತಿದ್ದ ಶಾಸನಗಳನ್ನು ಜನರ ಬದುಕಿಗಾಗಿ ಓದಿದರು. ಆಕರ ಹಳೆಯದು, ಪ್ರಶ್ನೆ ಹೊಸದು. ವಿಧಾನವೆಂಬ ಶಬ್ದಕ್ಕೆ ಅರ್ಥ ಬೇಕಾದವರು ಆ ಗ್ರಂಥದ ಪರಿವಿಡಿಯನ್ನು ನೋಡಿದರೆ ಸಾಕು. ಕಲಬುರ್ಗಿಯವರ ಮಹಾಪ್ರಬಂಧದ ಹಾದಿ ಬೇರೆ. ಅವರು ‘ಕವಿರಾಜಮಾರ್ಗ’ವೆಂಬ ಒಂದೇ ಕೃತಿಯನ್ನು ಕೇಂದ್ರವಾಗಿಟ್ಟುಕೊಂಡು ಅದರ ಪರಿಸರದ ಕನ್ನಡ ಸಾಹಿತ್ಯವನ್ನು ಶೋಧಿಸಿದರು. ಎಸ್. ಸಿ. ನಂದಿಮಠರು 1942ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ವೀರಶೈವದ ಕೈಪಿಡಿಯಲ್ಲಿ ಸಂಸ್ಕೃತ ಶೈವಾಗಮಗಳನ್ನೂ ಕನ್ನಡ ವಚನಗಳನ್ನೂ ಎದುರುಬದುರಾಗಿ ಇಟ್ಟರು. ಆ ಜೋಡಣೆಯನ್ನು ಒಪ್ಪದವರು ಇಂದು ಅನೇಕರಿದ್ದಾರೆ. ಒಪ್ಪದಿರುವುದಕ್ಕೂ ಅವರ ಗ್ರಂಥವನ್ನೇ ಓದಬೇಕಾಗುತ್ತದೆ.

ವಿಧಾನದ ನಿಷ್ಠೆಗೆ ತೆರಬೇಕಾದ ಬೆಲೆಯನ್ನೂ ಮರೆಯುವಂತಿಲ್ಲ. ಕಲಬುರ್ಗಿಯವರು 1989ರಲ್ಲಿ ‘ಮಾರ್ಗ’ದ ಮೊದಲ ಸಂಪುಟದ ಕೆಲವು ಬರೆಹಗಳನ್ನು ಒತ್ತಡದಿಂದ ಹಿಂತೆಗೆದುಕೊಳ್ಳಬೇಕಾಯಿತು. ಅವರ ಆ ನಿರ್ಣಯಗಳೆಲ್ಲ ಸರಿಯೆಂದು ನಾನು ವಾದಿಸುತ್ತಿಲ್ಲ. ಲೇಖನಕ್ಕೆ ಲೇಖನವೇ ಉತ್ತರವಾಗಬೇಕಿತ್ತು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲಿ ಅವರ ಹತ್ಯೆಯಾಯಿತು. ಅಂದಿನಿಂದ ‘ಇದನ್ನು ಬರೆದರೆ ಏನಾದೀತು?’ ಎಂದು ಕೇಳುವ ವಿದ್ಯಾರ್ಥಿಗಳನ್ನು ಕಂಡಾಗ ನನಗೆ ಸುಲಭವಾಗಿ ಉತ್ತರ ಹೊಳೆಯುವುದಿಲ್ಲ.

ನನ್ನ ವಿದ್ಯಾರ್ಥಿನಿಯ ಭಯ ಬೇರೆಯದು. ಸಂಜೆಯವರೆಗೂ ಹೇಳದೆ, ಹೊರಡುವಾಗ ಹೇಳಿದಳು. ಅವಳ ಅಜ್ಜಿ ಪ್ರತಿದಿನ ಲಿಂಗಪೂಜೆಯ ಹೊತ್ತಿಗೆ ಅಕ್ಕನದೆಂದು ಒಂದು ವಚನವನ್ನು ಹೇಳುತ್ತಿದ್ದರಂತೆ. ಅಜ್ಜಿ ತೀರಿಕೊಂಡ ಮೇಲೆ ಅವಳು ಅದನ್ನು ಸಂಪುಟಗಳಲ್ಲಿ ಹುಡುಕಿದಳು. ಬೇರೊಬ್ಬ ಶರಣರ ಅಂಕಿತದಲ್ಲಿ, ಸ್ವಲ್ಪ ಬೇರೆ ಮಾತುಗಳಲ್ಲಿ ಸಿಕ್ಕಿತು. ‘ಕಟ್ಟುಗಳನ್ನು ನೋಡುತ್ತ ಹೋದರೆ ಅದು ಅಕ್ಕನದಲ್ಲ ಎಂದು ನಾನೇ ಬರೆಯಬೇಕಾಗುತ್ತದೆ ಸರ್. ಅದಕ್ಕೇ ಪಾಠದ ಗೊಡವೆ ಬೇಡವೆಂದು ಸಮಗ್ರ ಅಧ್ಯಯನ ಎಂದು ಹಾಕಿದೆ.’

ಆಗ ನನ್ನ ಹಳೆಯ ಕಥೆಯೊಂದನ್ನು ಹೇಳಬೇಕಾಯಿತು. ಅನೇಕ ವರ್ಷಗಳ ಹಿಂದೆ ನನ್ನ ಮಹಾಪ್ರಬಂಧದಲ್ಲಿ ಶರಣರನ್ನೂ ತಮಿಳಿನ ನಾಯನ್ಮಾರರನ್ನೂ ತೂಗಿ ನೋಡುವ ಒಂದು ಅಧ್ಯಾಯವಿತ್ತು. ನನಗೆ ತಮಿಳು ಬಾರದು. ಇಂಗ್ಲಿಷ್ ಅನುವಾದಗಳನ್ನಿಟ್ಟುಕೊಂಡು, ಅವುಗಳಲ್ಲಿ ಪ್ರೇಮವಾಚಕ ಪದ ಬಂದ ಕಡೆಯಲ್ಲೆಲ್ಲ ‘ಭಕ್ತಿ’ಯೆಂದು ಬರೆದು ಸಾಮ್ಯಗಳನ್ನು ಪಟ್ಟಿ ಮಾಡಿದ್ದೆ. ಮೌಖಿಕ ಪರೀಕ್ಷೆಯಲ್ಲಿ ಹಿರಿಯ ಪರೀಕ್ಷಕರು ಒಂದೇ ಪ್ರಶ್ನೆ ಕೇಳಿದರು. ‘ಮೂಲದಲ್ಲಿ ಇಲ್ಲಿರುವುದು ಅನ್ಬು ಎಂಬ ಪದವೋ, ಭಕ್ತಿಯೋ?’ ನನ್ನಲ್ಲಿ ಉತ್ತರವಿರಲಿಲ್ಲ. ಪದವಿ ಬಂತು, ಆ ಅಧ್ಯಾಯವನ್ನು ಇಂದಿಗೂ ಅಚ್ಚು ಮಾಡಿಸಿಲ್ಲ. ತೌಲನಿಕ ವಿಧಾನವನ್ನು ನಾನು ಆರಿಸಿಕೊಂಡಿದ್ದು ಅದು ನನ್ನ ಪ್ರಶ್ನೆಗೆ ಬೇಕೆಂದಲ್ಲ, ಕಟ್ಟುಗಳ ಕಷ್ಟದಿಂದ ಅದು ನನ್ನನ್ನು ಪಾರುಮಾಡುತ್ತದೆಂದು.

ಅಜ್ಜಿಯ ವಚನದ ಮಾತಿಗೆ ಬಂದರೆ, ಅದು ಅಕ್ಕನದಲ್ಲವೆಂದು ತಿಳಿದರೂ ಅಜ್ಜಿಯ ಪೂಜೆ ಸುಳ್ಳಾಗುವುದಿಲ್ಲ. ಅಕ್ಕ ಹೇಳಿದಳೇ ಎಂಬುದು ಒಂದು ಪ್ರಶ್ನೆ. ಆ ವಚನ ಯಾವಾಗ, ಯಾವ ದಾರಿಯಿಂದ ಅಕ್ಕನದಾಯಿತು, ಹೆಣ್ಣುಮಕ್ಕಳು ಅದನ್ನು ಅಕ್ಕನ ಬಾಯಲ್ಲಿಯೇ ಕೇಳಬಯಸಿದುದೇಕೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಓಲೆಗಳ ಬಳಿಗೆ ಹೋಗಬೇಕು. ಎರಡನೆಯದಕ್ಕೆ ಓಲೆಗಳ ಜೊತೆಗೆ ಭಜನೆಯ ಮೇಳಗಳ ಬಳಿಗೆ, ಕೈಬರೆಹದ ಹಾಡಿನ ಪುಸ್ತಕಗಳ ಬಳಿಗೆ, ಇನ್ನೂ ಬದುಕಿರುವ ಅಜ್ಜಿಯರ ಬಳಿಗೆ ಹೋಗಬೇಕು. ಅಲ್ಲಿ ಬೇಕಾದರೆ ಪ್ರಶ್ನಾವಳಿಗೂ ಕೆಲಸವುಂಟು ಎಂದೆ. ಈ ಸಲ ಅವಳು ನಗಲಿಲ್ಲ, ಬರೆದುಕೊಂಡಳು.

ಕಾರ್ತಿಕದಲ್ಲಿ ಅವಳ ಪತ್ರ ಬಂತು. ಶೀರ್ಷಿಕೆಯಿಂದ ‘ಸಮಗ್ರ’ ಎಂಬ ಪದ ಹೋಗಿದೆ. ಎರಡು ಅಂಕಿತಗಳಲ್ಲಿ ದೊರೆಯುವ ವಚನಗಳಿಗೆ ಮಾತ್ರ ಅಧ್ಯಯನವನ್ನು ಸೀಮಿತಗೊಳಿಸಿದ್ದಾಳೆ. ಸಮಿತಿಯವರು ವಿಷಯ ತೀರ ಚಿಕ್ಕದಾಯಿತೆಂದು ಆಕ್ಷೇಪಿಸಿದರಂತೆ. ಮಾರ್ಗದರ್ಶಕರು ಅವಳ ಪರವಾಗಿ ನಿಂತರಂತೆ. ಮಠವೊಂದರ ಭಂಡಾರದಲ್ಲಿ ಸಂಪಾದಕರು ಯಾರೂ ಬಳಸದ ಒಂದು ಕಟ್ಟು ಇದೆಯೆಂದು ತಿಳಿದು ನೋಡಲು ಅನುಮತಿ ಕೇಳಿದ್ದಾಳೆ. ಅದರ ಲಿಪಿ ಓದಲು ಬರುತ್ತಿಲ್ಲ, ಬರುವ ರಜೆಯಲ್ಲಿ ಹದಿನೈದು ದಿನ ಬಂದು ಕುಳಿತರೆ ಕಲಿಸುವಿರಾ ಎಂದು ಕೇಳಿದ್ದಾಳೆ.